ಫ್ರಾಸ್ಟ್‌ಪಂಕ್: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದಲ್ಲಿ ಕಾಫಿ ಕುಡಿಯುವಾಗ, ಡೊಂಬಿವಲಿ ಲೋಕಲ್‌ನಲ್ಲಿ ನೇತಾಡುವಾಗ, ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಾಗ ಈ ಕಂಪ್ಯೂಟರ್ ಆಟದ ಬಗ್ಗೆ ಕೇಳಿಬಂದ ಪ್ರಶ್ನೆಗಳಿವು. ಕೆಲವು ವಾಟ್ಸಾಪ್‌ನಲ್ಲಿ ಬಂದವು. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಕಥೆಯ ಗುಟ್ಟು ಈಗಲೇ ಬೇಡ ಎನ್ನುವವರು ಮೊದಲ ಭಾಗ ಓದಿ ನಿಲ್ಲಿಸಿ. ಆಮೇಲಿನದರಲ್ಲಿ ಗುಟ್ಟು ಬಿಟ್ಟುಕೊಟ್ಟೇ ಮಾತಾಡಿದ್ದೇನೆ.

### ಕೊಳ್ಳುವ ಮೊದಲು

ಇದು ಯಾವ ನಮೂನೆಯ ಆಟ ಮಾರಾಯ್ರೆ? ಯುದ್ಧದ್ದಾ, ಊರು ಕಟ್ಟುವುದಾ?

ಊರು ಕಟ್ಟುವುದು. ಆದರೆ ಊರು ಬೆಳೆಯಿತೆಂಬ ಖುಷಿಗಿಂತ ನಾಳೆ ಬೆಳಿಗ್ಗೆಯವರೆಗೆ ಊರು ಉಳಿದೀತೇ ಎಂಬ ಆತಂಕವೇ ಹೆಚ್ಚು. ಪೋಲೆಂಡಿನ ವಾರ್ಸಾದಲ್ಲಿರುವ 11 ಬಿಟ್ ಸ್ಟುಡಿಯೋಸ್ ಇದನ್ನು 2018ರ ಏಪ್ರಿಲ್ 24ರಂದು ಬಿಡುಗಡೆ ಮಾಡಿತು. ಕಾಲ 1886, ಆದರೆ ಚರಿತ್ರೆಯ ಪುಸ್ತಕದಲ್ಲಿರುವ 1886 ಅಲ್ಲ. ಜ್ವಾಲಾಮುಖಿಗಳು ಸಿಡಿದು, ಸೂರ್ಯನ ಕಾವು ಕುಂದಿ, ಭೂಮಿಯೆಲ್ಲ ಹಿಮಗಟ್ಟಿದೆ. ಲಂಡನ್ ಬಿಟ್ಟು ಉತ್ತರಕ್ಕೆ ಹೊರಟ ಸುಮಾರು 80 ಜನ ಒಂದು ದೊಡ್ಡ ಕುಳಿಯ ನಡುವೆ ನಿಂತಿರುವ ಕಲ್ಲಿದ್ದಲಿನ ಜನರೇಟರ್ ಬುಡಕ್ಕೆ ಬಂದು ಸೇರುತ್ತಾರೆ. ಅವರ ಕ್ಯಾಪ್ಟನ್ ನೀವು. ಶತ್ರು ಸೈನ್ಯ ಇಲ್ಲ, ಬಂದೂಕು ಹಿಡಿದು ಓಡುವುದಿಲ್ಲ. ಶತ್ರು ಅಂದರೆ ಥರ್ಮಾಮೀಟರ್. ಮೊದಲ ದಿನವೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. 1962ರ ಜನವರಿಯಲ್ಲಿ 7.4 ಡಿಗ್ರಿಗೆ ಇಳಿದದ್ದನ್ನೇ ದಾಖಲೆ ಎಂದುಕೊಂಡಿರುವ ಮುಂಬಯಿಯವರಿಗೆ ಇದು ಬೇರೆಯೇ ಗ್ರಹ.

ಸ್ಟೀಮ್‌ಪಂಕ್ ಅಂದ್ರೆ ಟೋಪಿಗೆ ಹಿತ್ತಾಳೆ ಚಕ್ರ ಅಂಟಿಸೋದು ತಾನೇ?

ಉಗಿಯಂತ್ರದ ಕಾಲದ ಕಲ್ಪನಾಲೋಕಕ್ಕೆ ಸ್ಟೀಮ್‌ಪಂಕ್ ಅನ್ನುತ್ತಾರೆ. ಬಹಳ ಆಟಗಳಲ್ಲಿ ಅದು ಅಷ್ಟೇ. ಇಲ್ಲಿ ಉಗಿ ಅಲಂಕಾರಕ್ಕಿಲ್ಲ, ಅದು ನಿಂತರೆ ಜನ ಸಾಯುತ್ತಾರೆ. ಕಲ್ಲಿದ್ದಲು ಜನರೇಟರ್‌ಗೆ ಹೋಗಬೇಕು, ಅದರ ಕಾವು ಮನೆಗಳಿಗೆ ಮುಟ್ಟಬೇಕು, ಮುಟ್ಟದ ಕಡೆ ಸ್ಟೀಮ್ ಹಬ್ ಹಾಕಬೇಕು, ಆ ಹಬ್ ಮತ್ತಷ್ಟು ಕಲ್ಲಿದ್ದಲು ತಿನ್ನುತ್ತದೆ. ಯಂತ್ರವೇ ನಮ್ಮನ್ನು ಕಾಯುತ್ತದೆ ಎಂಬ ಹತ್ತೊಂಬತ್ತನೇ ಶತಮಾನದ ನಂಬಿಕೆಯೂ, ಆ ಯಂತ್ರದ ಹೊಟ್ಟೆ ತುಂಬಿಸುವವರ ಪಾಡೂ ಒಟ್ಟಿಗೇ ಕಾಣುತ್ತವೆ.

ಕಾವಸ್‌ಜಿ ದಾವರ್ 1854ರಲ್ಲಿ ತಾಡದೇವ್‌ನಲ್ಲಿ ಮೊದಲ ಹತ್ತಿ ಗಿರಣಿ ಕಂಪನಿ ಹುಟ್ಟುಹಾಕಿದಲ್ಲಿಂದ ಮುಂಬಯಿಯೂ ಉಗಿಯ ಮೇಲೇ ಬೆಳೆದ ಊರು. ಪರೇಲ್, ಲಾಲ್‌ಬಾಗ್ ಕಡೆ ಗಗನಚುಂಬಿಗಳ ನಡುವೆ ಉಳಿದ ಹಳೆಯ ಗಿರಣಿ ಚಿಮಣಿ ನೋಡಿದವರಿಗೆ ಈ ಆಟದ ಬಣ್ಣ, ಮಸಿ, ಸದ್ದು ಹೊಸದೆನಿಸುವುದಿಲ್ಲ.

ನನ್ನ ಹಳೇ ಲ್ಯಾಪ್‌ಟಾಪಲ್ಲಿ ಓಡ್ತದಾ? ಮೊಬೈಲಲ್ಲಿ ಉಂಟಾ?

ಕನಿಷ್ಠ 4 ಜಿಬಿ ರ‍್ಯಾಮ್, ಜಿಟಿಎಕ್ಸ್ 660 ಮಟ್ಟದ 2 ಜಿಬಿ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ಜಾಗ ಬೇಕು. 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ಜನಸಂಖ್ಯೆ ಏರಿ ಊರು ತುಂಬಿದ ಮೇಲೆ ಹಳೆಯ ಯಂತ್ರ ಏದುಸಿರು ಬಿಡುತ್ತದೆ, ಆಗ ನೆರಳು ಮತ್ತು ಹಿಮದ ಸೆಟ್ಟಿಂಗ್ ತಗ್ಗಿಸಿ. ಮೇ ತಿಂಗಳಲ್ಲಿ ಫ್ಯಾನ್ ಕೆಳಗೇ ಆಡಿ. ಪರದೆಯಲ್ಲಿ ಹಿಮ ಬಿದ್ದರೂ ಲ್ಯಾಪ್‌ಟಾಪ್ ತಂಪಾಗುವುದಿಲ್ಲ. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ 2019ರಲ್ಲಿ ಬಂತು. ಇದೇ ಹೆಸರಿನಲ್ಲಿ ಮೊಬೈಲ್‌ಗೂ ಒಂದು ಆಟ ಬಂದಿತ್ತು, ಆದರೆ ಅದು ಬೇರೆಯೇ ಜಾತಿಯದು. ಅದನ್ನು ಆಡಿ ಇದನ್ನು ಅಳೆಯಬೇಡಿ.

ಇಂಗ್ಲಿಷ್ ಅಷ್ಟಾಗಿ ಬರೂದಿಲ್ರೀ. ಆಡಬಹುದೇನು?

ಆಡಬಹುದು, ಆದರೆ ಅರ್ಧ ಆಟ ಕೈ ತಪ್ಪುತ್ತದೆ. ಕನ್ನಡ ಇಲ್ಲ, ಮರಾಠಿ, ಹಿಂದಿಯೂ ಇಲ್ಲ. ಕಲ್ಲಿದ್ದಲು, ಮರ, ಉಕ್ಕು, ಊಟ ಎಲ್ಲಕ್ಕೂ ಚಿತ್ರ ಇರುವುದರಿಂದ ಕಟ್ಟುವುದಕ್ಕೆ ತೊಂದರೆಯಿಲ್ಲ. ತೊಂದರೆ ಬರುವುದು ಜನ ಬಂದು ಬೇಡುವಾಗ, ಬೈಯುವಾಗ, ಸ್ಕೌಟ್‌ಗಳು ಹಿಮದಲ್ಲಿ ಕಂಡದ್ದನ್ನು ಬರೆದು ಕಳಿಸುವಾಗ. ಅದೆಲ್ಲ ಬರಹದಲ್ಲೇ ಇದೆ. ಪಕ್ಕದಲ್ಲಿ ಓದಿ ಹೇಳುವ ಮಗಳೋ ತಮ್ಮನೋ ಇದ್ದರೆ ಕೂರಿಸಿಕೊಳ್ಳಿ. ಆಟವನ್ನು ಯಾವಾಗ ಬೇಕಾದರೂ ನಿಲ್ಲಿಸಿ ಓದಬಹುದು.

ನನ್ನ ಮಗನಿಗೆ ಹನ್ನೊಂದು ವರ್ಷ. ಕೊಡ್ಲಾ ಅಕ್ಕ?

ಬೇಡ. ರಕ್ತ ಹರಿಯುವುದು ಕಾಣುವುದಿಲ್ಲ, ಆದರೆ ಹಿಮ ಕಚ್ಚಿದ ಕೈಕಾಲು ಕತ್ತರಿಸುವುದು, ಹೆಣವನ್ನು ಏನು ಮಾಡಬೇಕೆಂದು ತೀರ್ಮಾನಿಸುವುದು, ಮಕ್ಕಳು ಕೆಲಸದಲ್ಲಿ ಸಾಯುವುದು, ಎದುರು ಮಾತಾಡಿದವರನ್ನು ಶಿಕ್ಷಿಸುವುದು ಎಲ್ಲ ಇವೆ. ಹೈಸ್ಕೂಲ್ ಮುಗಿಸುವ ವಯಸ್ಸಿನವರು, ದೊಡ್ಡವರ ಜೊತೆ ಮಾತಾಡುತ್ತ ಆಡಿದರೆ ಸರಿ.

### ಆಟದೊಳಗೆ ಇಳಿದ ಮೇಲೆ

ಮೂರ್ನೇ ದಿನಕ್ಕೇ ಅರ್ಧ ಊರು ಆಸ್ಪತ್ರೇಲಿ. ಏನ್ ಮಾಡ್ತಿದೀನಿ ತಪ್ಪು?

ಬಹುಶಃ ಮೊದಲು ಮನೆ ಕಟ್ಟಿ ಆಮೇಲೆ ಕಲ್ಲಿದ್ದಲು ನೋಡಿದಿರಿ. ತಿರುಗಿಸಿ. ಮೊದಲ ಬೆಳಿಗ್ಗೆ ಎಲ್ಲರನ್ನೂ ಕಲ್ಲಿದ್ದಲು ಮತ್ತು ಮರದ ರಾಶಿಗೆ ಕಳಿಸಿ. ವರ್ಕ್‌ಶಾಪ್ ಬೇಗ ಎಬ್ಬಿಸಿ, ಇಂಜಿನಿಯರುಗಳನ್ನು ಬರಿಗೈಯಲ್ಲಿ ಹಿಮ ಕೆದಕಲು ಬಿಡಬೇಡಿ. ಡೇರೆಗಳು ಜನರೇಟರ್‌ನ ಒಳ ಸುತ್ತಿನಲ್ಲಿರಲಿ. ಶುರುವಿನಲ್ಲಿ ಕಲ್ಲಿದ್ದಲು ಕಮ್ಮಿ ಇರುತ್ತದೆ. ಜನರೇಟರನ್ನು ರಾತ್ರಿಗೆ ಮಾತ್ರ ಹಚ್ಚಿದರೂ ಬದುಕಬಹುದು. ರಾಶಿಗಳ ನಡುವೆ ಗ್ಯಾದರಿಂಗ್ ಪೋಸ್ಟ್ ಹಾಕಿದರೆ ಕೆಲಸದವರು ಬಯಲಿನಲ್ಲಿ ನಡುಗುವುದು ತಪ್ಪುತ್ತದೆ. ಬೇಟೆಗಾರರು ಹೊರಡುವುದು ರಾತ್ರಿ, ಹಾಗಾಗಿ ಅವರ ಗುಡಿಸಲನ್ನು ಅಂಚಿಗೆ ತಳ್ಳಿ ಒಳಗಿನ ಬೆಚ್ಚನೆ ಜಾಗವನ್ನು ಮನೆಗೂ ಆಸ್ಪತ್ರೆಗೂ ಉಳಿಸಿ. ಊರಿಗೆ ನೀವು ಹಾಕುವ ಕಾಯ್ದೆಗಳಲ್ಲಿ ಸೂಪಿನದನ್ನು ಮೊದಲೇ ಹಾಕಿದರೆ ಅದೇ ಕಚ್ಚಾ ಆಹಾರಕ್ಕೆ ಹೆಚ್ಚು ತಟ್ಟೆ ಸಿಗುತ್ತದೆ, ಜನ ಗೊಣಗುತ್ತಾರೆ ಅಷ್ಟೇ.

ಒಂದೇ ಒಂದು ಗುಣ ಹೇಳು ಅಂದ್ರೆ ಏನು ಹೇಳ್ತಿ?

ಜಾಗಕ್ಕೆ ಬೆಲೆ ಕಟ್ಟಿದ ರೀತಿ. ಮಾಮೂಲಿ ಊರು ಕಟ್ಟುವ ಆಟದಲ್ಲಿ ಚೌಕಟ್ಟು ನೆಲ, ನೇರ ರಸ್ತೆ, ಎಲ್ಲಿ ಬೇಕಾದರೂ ಬಡಾವಣೆ. ಇಲ್ಲಿ ಊರು ವೃತ್ತ. ನಡುವೆ ಜನರೇಟರ್, ಸುತ್ತ ಉಂಗುರ ಉಂಗುರವಾಗಿ ಬೀದಿ. ಮುಂಬಯಿಯಲ್ಲಿ ಬಾಡಿಗೆ ಎಷ್ಟೆಂದು ತಿಳಿಯಲು ಸ್ಟೇಷನ್‌ನಿಂದ ಎಷ್ಟು ನಿಮಿಷದ ನಡಿಗೆ ಎಂದು ಕೇಳಿದರೆ ಸಾಕಲ್ಲ, ಹಾಗೆ ಇಲ್ಲಿ ಜನರೇಟರ್‌ನಿಂದ ಎಷ್ಟು ದೂರ ಎಂಬುದರಲ್ಲೇ ಆ ಮನೆಯವರ ಆಯುಸ್ಸು ಇದೆ. ಶಾಖದ ನಕ್ಷೆ ತೆರೆದು ನೋಡಿ: ಒಳಗೆ ಕೆಂಪು, ಹೊರಗೆ ನೀಲಿ, ಆ ನೀಲಿಯಲ್ಲಿ ಯಾರನ್ನು ಮಲಗಿಸಿದ್ದೀರಿ ಎಂದು ಲೆಕ್ಕ ಕೇಳುತ್ತದೆ.

ತಾಪಮಾನ ಇಳಿದಾಗ ಪರದೆಯ ಅಂಚಿಗೆ ಹಿಮ ಕಟ್ಟುತ್ತದೆ, ಬೀದಿಗಳು ಬೆಳ್ಳಗಾಗುತ್ತವೆ. ಪಿಯೊಟ್ರ್ ಮುಸಿಯಾವ್ ಸಂಗೀತ ಮುನ್ನೆಲೆಗೆ ಬರುವುದು ಆಗಲೇ. ಕೊನೆಯ ಬಿರುಗಾಳಿಯಲ್ಲಿ ಪಿಟೀಲುಗಳು ಏರುತ್ತ ಹೋದಾಗ ಮೌಸ್ ಹಿಡಿದ ಕೈ ತಾನೇ ಬಿಗಿಯಾಗುತ್ತದೆ.

ಕಾಯ್ದೆ ಪುಸ್ತಕನ ಎಲ್ಲರೂ ಹೊಗಳ್ತಾರೆ. ಅಷ್ಟು ದೊಡ್ಡದಾ ಅದು?

ದೊಡ್ಡದೇ, ಆದರೆ ಹೊಗಳಿಕೆಯಷ್ಟು ದೊಡ್ಡದಲ್ಲ.

ಮೊದಲು ಗುಣ. ಸಹಿ ಹಾಕಿದ ಕಾಯ್ದೆಯನ್ನು ಹಿಂತೆಗೆಯಲಾಗದು. ಮುಂದಿನದಕ್ಕೆ ಕಾಯಬೇಕು. ಮಕ್ಕಳನ್ನು ಕೆಲಸಕ್ಕೆ ಹಚ್ಚುವುದೋ, ಮಕ್ಕಳ ಆಶ್ರಯ ಕಟ್ಟುವುದೋ. ಸೂಪಿನ ನೀರೋ, ಮರದ ಪುಡಿ ಬೆರೆಸಿದ ಊಟವೋ. ಸತ್ತವರಿಗೆ ಸ್ಮಶಾನವೋ, ಹಿಮದ ಗುಂಡಿಯೋ. ಹತ್ತು ಗಂಟೆಯ ಪಾಳಿಯನ್ನು 14ಕ್ಕೆ ಹಿಗ್ಗಿಸಬಹುದು, ತುರ್ತೆಂದು ಪೂರಾ 24 ಗಂಟೆ ದುಡಿಸಬಹುದು. ಭರವಸೆ, ಅಸಮಾಧಾನ ಎಂಬ ಎರಡು ಪಟ್ಟಿಗಳು ಪರದೆಯ ತಳದಲ್ಲಿ ಏರಿಳಿಯುತ್ತವೆ. ಭರವಸೆ ಬತ್ತಿದರೆ ಅಥವಾ ಅಸಮಾಧಾನ ತುಂಬಿದರೆ ನಿಮ್ಮನ್ನೇ ಊರಿನಿಂದ ಓಡಿಸುತ್ತಾರೆ.

ಮಕ್ಕಳ ದುಡಿಮೆಯ ಕಾಯ್ದೆಯನ್ನು ಅನೇಕರು ಲೇಖಕರ ಕ್ರೂರ ಕಲ್ಪನೆ ಎಂದುಕೊಳ್ಳುತ್ತಾರೆ. ಆದರೆ ಆಟದ ಕಾಲದಲ್ಲೇ ನಮ್ಮ ಊರಿನ ಗಿರಣಿಗಳಲ್ಲಿ ಇದ್ದ ಕಾನೂನು ನೋಡಿ. 1881ರ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನವರನ್ನು ಮಾತ್ರ ಬೇಡ ಎಂದಿತು, ಏಳರಿಂದ ಹನ್ನೆರಡರವರಿಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತು. ದೊಡ್ಡವರಿಗೆ ಮಿತಿಯೇ ಇರಲಿಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೇಳಿದರು. ವಾರದ ರಜೆ ಸಿಕ್ಕಿದ್ದು 1890ರಲ್ಲಿ.

ಆಟದ ದೊಡ್ಡ ಕೊರತೆ ಇಲ್ಲೇ ಇದೆ. ಇಲ್ಲಿ ಕಾಯ್ದೆ ಯಾವಾಗಲೂ ಮೇಲಿನಿಂದ ಕೆಳಗೆ ಬರುತ್ತದೆ. ಜನ ಬೇಡುತ್ತಾರೆ, ಗೊಣಗುತ್ತಾರೆ, ಗುಂಪುಗೂಡುತ್ತಾರೆ, ಆದರೆ ತಾವೇ ಸೇರಿ ಒಂದು ಕಟ್ಟಳೆ ಗೆಲ್ಲುವುದಿಲ್ಲ. ಇನ್ನೊಂದು: ಮಕ್ಕಳ ಆಶ್ರಯ ಕಟ್ಟಿದರೆ ಮುಂದೆ ಅದೇ ಮಕ್ಕಳು ವೈದ್ಯರಿಗೋ ಇಂಜಿನಿಯರುಗಳಿಗೋ ಕೈಯಾಳಾಗಿ ಕೆಲಸದ ವೇಗ ಹೆಚ್ಚಿಸುತ್ತಾರೆ. ಒಳ್ಳೆಯದನ್ನು ಮಾಡಿದವನಿಗೆ ಲಾಭವೂ ಸಿಕ್ಕರೆ ಅದು ಧರ್ಮಸಂಕಟ ಹೇಗಾದೀತು? ಬುದ್ಧಿವಂತ ಆಟಗಾರ ಎರಡನೇ ಸಲಕ್ಕೆ ಕಣ್ಣು ಮುಚ್ಚಿ ಆಶ್ರಯಕ್ಕೆ ಸಹಿ ಹಾಕುತ್ತಾನೆ, ಕರುಣೆಯಿಂದಲ್ಲ.

ಆರ್ಡರ್ ಹಿಡೀಲಾ, ಫೇತ್ ಹಿಡೀಲಾ?

ಮುಂದಿನ ಕಾಯ್ದೆಗಳಿಗೆ ಎರಡು ದಾರಿ: ಶಿಸ್ತಿನ ಆರ್ಡರ್, ದೇವರ ನಂಬಿಕೆಯ ಫೇತ್. ಇಂಜಿನಿಯರುಗಳು ಕಮ್ಮಿ ಇದ್ದರೆ ಫೇತ್, ಏಕೆಂದರೆ ಆ ದಾರಿಯ ಆರೋಗ್ಯಧಾಮಕ್ಕೆ ಸಾಮಾನ್ಯ ಕೆಲಸದವರೇ ಸಾಕು. ಉತ್ಪಾದನೆ ಹೆಚ್ಚಬೇಕಿದ್ದರೆ ಆರ್ಡರ್‌ನ ಮೇಸ್ತ್ರಿ ಉಪಯೋಗಕ್ಕೆ ಬರುತ್ತಾನೆ. ಅದರಾಚೆ ಎರಡೂ ಒಂದೇ ಮೆಟ್ಟಿಲ ಸಾಲು: ಒಂದರಲ್ಲಿ ಕಾವಲುಗಾರ, ಇನ್ನೊಂದರಲ್ಲಿ ಧರ್ಮರಕ್ಷಕ. ಒಂದರ ತುದಿಯಲ್ಲಿ ಸರ್ವಾಧಿಕಾರಿ, ಇನ್ನೊಂದರ ತುದಿಯಲ್ಲಿ ದೇವರ ಪ್ರತಿನಿಧಿ. ತುದಿಯ ಪುಟಕ್ಕೆ ಹೋಗದೆಯೂ ಗೆಲ್ಲಬಹುದು.

ಇಷ್ಟೆಲ್ಲ ಕಷ್ಟಪಟ್ಟು ಜನರನ್ನ ಉಳಿಸಿದೆ, ಕೊನೇಲಿ ಆಟ ನನ್ನನ್ನೇ ಬೈತು. ನ್ಯಾಯವಾ ಇದು?

ಅರ್ಧ ನ್ಯಾಯ. ಬಿರುಗಾಳಿ ಕಳೆದ ಮೇಲೆ ನಿಮ್ಮ ಊರು ಮೊದಲ ಡೇರೆಯಿಂದ ಬೆಳೆದ ಬಗೆಯನ್ನು ವೇಗವಾಗಿ ಓಡಿಸಿ ತೋರಿಸುತ್ತ, ಜೊತೆಗೆ ನೀವು ಹಾಕಿದ ಕಾಯ್ದೆಗಳನ್ನು ಒಂದೊಂದಾಗಿ ನೆನಪಿಸುತ್ತಾರೆ. ಗೆರೆ ದಾಟಿದ್ದರೆ, ಇಷ್ಟಕ್ಕೆ ಉಳಿದದ್ದು ಸಾರ್ಥಕವೇ ಎಂಬರ್ಥದ ಪ್ರಶ್ನೆ ಎಸೆಯುತ್ತಾರೆ. ದಾಟದಿದ್ದವರಿಗೆ ಮಾತು ಮೃದು.

ದೃಶ್ಯವಾಗಿ ಇದಕ್ಕೆ ಸಾಟಿ ಕಡಿಮೆ. ಆದರೆ ತೀರ್ಪು ಹೇಳುವವರು ಕಾಯ್ದೆಯ ಪಟ್ಟಿ ನೋಡುತ್ತಾರೆಯೇ ಹೊರತು ಸಂದರ್ಭ ನೋಡುವುದಿಲ್ಲ. ಉಗ್ರಾಣ ತುಂಬಿದ್ದಾಗ ಹಟಕ್ಕೆ ಹಾಕಿದ ಕಾಯ್ದೆಗೂ, ಇಡೀ ಊರು ಉಪವಾಸವಿದ್ದಾಗ ಹಾಕಿದ್ದಕ್ಕೂ ಒಂದೇ ಬೈಗುಳ. ನ್ಯಾಯಾಧೀಶನಾಗುವ ಆಸೆಯಿದ್ದರೆ ಸಾಕ್ಷಿ ಕೇಳುವ ತಾಳ್ಮೆಯೂ ಇರಬೇಕಿತ್ತು.

### ಒಮ್ಮೆ ಗೆದ್ದವರ ಪ್ರಶ್ನೆಗಳು

ಒಂದ್ಸಲ ಮುಗಿಸಿದ ಮೇಲೆ ಮತ್ತೆ ಆಡೋಕೆ ಏನಿದೆ ಗುರು?

ನನ್ನ ಮುಖ್ಯ ದೂರು ಇದರ ಬಗ್ಗೆಯೇ. ಫ್ರಾಸ್ಟ್‌ಪಂಕ್ ಊರಿನ ವೇಷ ಹಾಕಿದ ಕಥೆ. ಕಥೆಯಾಗಿ ಅದು ಅದ್ಭುತ, ಊರಾಗಿ ಬಡಕಲು. ವಿಂಟರ್‌ಹೋಮ್ ಎಂಬ ಇನ್ನೊಂದು ಊರು ಹಾಳಾದ ಸುದ್ದಿ ಪ್ರತಿ ಸಲ ಬರುತ್ತದೆ, ಭರವಸೆ ಪ್ರತಿ ಸಲ ಕುಸಿಯುತ್ತದೆ, ಲಂಡನ್‌ಗೆ ಮರಳುತ್ತೇವೆಂದು ಒಂದು ಗುಂಪು ಪ್ರತಿ ಸಲ ಗೋಡೆಯ ಮೇಲೆ ಬರೆಯುತ್ತದೆ, ಬಿರುಗಾಳಿ ಪ್ರತಿ ಸಲ ಬರುತ್ತದೆ. ಮೊದಲ ಸಲ ಎದೆ ಝಲ್ಲೆನಿಸಿದ್ದೆಲ್ಲ ಎರಡನೇ ಸಲ ವೇಳಾಪಟ್ಟಿಯಾಗುತ್ತದೆ. ಏನು ಬರುತ್ತದೆಂದು ತಿಳಿಯದ ಭಯದ ಮೇಲೆ ನಿಂತ ಆಟಕ್ಕೆ ಇದು ಸಣ್ಣ ಪೆಟ್ಟಲ್ಲ.

ಬೇರೆ ಸನ್ನಿವೇಶಗಳು ಸ್ವಲ್ಪ ಕಾಪಾಡುತ್ತವೆ. ಬೀಜ ಸಸಿಗಳನ್ನು ಇಂಜಿನಿಯರುಗಳಷ್ಟೇ ಕಾಯುವ ಆರ್ಕ್ಸ್, ಬಂದ ನಿರಾಶ್ರಿತರ ಹಿಂದೆಯೇ ಅವರನ್ನು ಆಳಿದ ಸಿರಿವಂತರೂ ಬಂದು ಬಾಗಿಲು ತಟ್ಟುವ ರೆಫ್ಯೂಜೀಸ್, 2018ರಲ್ಲೇ ಉಚಿತವಾಗಿ ಕೊಟ್ಟ ವಿಂಟರ್‌ಹೋಮ್‌ನ ಪತನ. ಈ ಕೊನೆಯದನ್ನು ತಪ್ಪಿಸಬೇಡಿ: ಬೇರೆಯವನು ಹಾಳುಮಾಡಿಟ್ಟ ಊರನ್ನು ನಿಮ್ಮ ಕೈಗೆ ಕೊಡುತ್ತದೆ, ಸುಟ್ಟ ಮನೆ ತೆಗೆದು ಜಾಗ ಮಾಡುವುದರಿಂದಲೇ ಕೆಲಸ ಶುರು. ಎಂಡ್‌ಲೆಸ್ ಮೋಡ್ ಇದೆ, ಆದರೆ ಕಥೆ ಕಿತ್ತ ಮೇಲೆ ಉಳಿಯುವುದು ಲೆಕ್ಕ ಮಾತ್ರ.

ಸ್ಟೀಮ್ ಕೋರ್ ಎಲ್ಲಿ ಹಾಕ್ಬೇಕು? ಆಟೊಮೇಟನ್ ಲಾಭವಾ?

ದೊಡ್ಡ ಯಂತ್ರಗಳಿಗೆ ಬೇಕಾದ ಈ ಕೋರ್‌ಗಳನ್ನು ನೀವು ತಯಾರಿಸಲಾರಿರಿ, ಹೊರಗಿನಿಂದ ತರಬೇಕು. ಆದ್ದರಿಂದ ಮೊದಲ ಪಾಲು ಕಲ್ಲಿದ್ದಲು ಗಣಿಗೆ, ಆಮೇಲೆ ಮರಕ್ಕಾಗಿ ವಾಲ್ ಡ್ರಿಲ್, ಊಟಕ್ಕೆ ಹಾಟ್‌ಹೌಸ್. ಹಿಮದಲ್ಲಿ ಪಾಳುಬಿದ್ದ ಟೆಸ್ಲಾ ಸಿಟಿಯ ವಿದ್ಯುತ್ ಗಂಡಾಂತರ ದಾಟಿ ಅಲ್ಲಿ ಔಟ್‌ಪೋಸ್ಟ್ ಹಾಕಿದರೆ ಕೋರ್ ಬರುತ್ತಲೇ ಇರುತ್ತದೆ. ಸ್ಕೌಟ್‌ಗಳಿಗೆ ಅಪಾಯ, ಆದರೆ ಆಟದ ದಿಕ್ಕೇ ಬದಲಾಗುತ್ತದೆ. ಆಟೊಮೇಟನ್ ಶುರುವಿನಲ್ಲಿ ಮನುಷ್ಯರಿಗಿಂತ ನಿಧಾನ, ಆದರೆ ಅದಕ್ಕೆ ಚಳಿಯಿಲ್ಲ, ಹಸಿವಿಲ್ಲ, ರಾತ್ರಿಯೂ ದುಡಿಯುತ್ತದೆ. ಸಂಶೋಧನೆ ಮಾಡಿದಂತೆ ಚುರುಕಾಗುತ್ತದೆ. ಗಣಿಗೆ ಒಂದು ಬಿಟ್ಟುನೋಡಿ. ಆ ಉದ್ದ ಕಾಲಿನ ಯಂತ್ರ ಗುಡಿಸಲುಗಳ ಮೇಲೆ ಹೆಜ್ಜೆ ಹಾಕಿ ನಡೆಯುವುದು ನೋಡಲು ಚೆಂದ, ಆದರೆ ಕೆಲಸ ಕಿತ್ತುಕೊಂಡ ಯಂತ್ರದ ಬಗ್ಗೆ ಊರಿನವರು ಇಷ್ಟು ಕಡಿಮೆ ಮಾತಾಡುವುದು ನನಗಂತೂ ವಿಚಿತ್ರ.

ಡಿಎಲ್‌ಸಿಗೆ ದುಡ್ಡು ಹಾಕಬಹುದಾ?

ಲಾಸ್ಟ್ ಆಟಮ್ ಎಂಬ ಹೆಚ್ಚುವರಿ ಭಾಗಕ್ಕೆ ಹಾಕಿ. 2020ರ ಜನವರಿಯಲ್ಲಿ ಬಂದದ್ದು, ಹಿಮಕ್ಕೂ ಮೊದಲಿನ ಕಥೆ. ಸಮುದ್ರದ ದಡ, ಹಸಿರು ಇನ್ನೂ ಇದೆ, ಜನರೇಟರ್ ಇನ್ನೂ ಕಟ್ಟಬೇಕು. ಇಲ್ಲಿ ಕೊಲ್ಲುವುದು ಚಳಿಯಲ್ಲ, ಕೆಲಸದ ಜಾಗ: ವಿಷಗಾಳಿ, ಅಪಘಾತ, ಗಡುವು. ಕೆಲಸಗಾರರೂ ಇಂಜಿನಿಯರುಗಳೂ ಎರಡು ಬಣ, ಮತ್ತು ಮುಷ್ಕರ ಹೂಡುತ್ತಾರೆ. ಮೂಲ ಆಟದಲ್ಲಿ ಇಲ್ಲವೆಂದು ನಾನು ದೂರಿದ್ದು ಇಲ್ಲಿ ಬರುತ್ತದೆ. ಕೆಲಸ ನಿಂತಾಗ ಮಾತಾಡಬೇಕು, ಭರವಸೆ ಕೊಡಬೇಕು, ಕೊಟ್ಟದ್ದು ಉಳಿಸಿಕೊಳ್ಳಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದದ್ದನ್ನು ಮನೆಯಲ್ಲಿ ಕೇಳಿ ಬೆಳೆದವರು ಈ ಭಾಗವನ್ನು ಆರಾಮಾಗಿ ಆಡಲಾರರು. ಆಟದಲ್ಲಿ ಮುಷ್ಕರ ಒಪ್ಪಂದದಲ್ಲಿ ಮುಗಿಯುತ್ತದೆ. ಇಲ್ಲಿಯದು ವಿಧಿವತ್ತಾಗಿ ಮುಗಿಯಲೇ ಇಲ್ಲ.

ಆನ್ ದಿ ಎಡ್ಜ್ ಚಿಕ್ಕದು, ಅರ್ಧಕ್ಕೇ ದಣಿಯುತ್ತದೆ. ರಿಫ್ಟ್ಸ್ ಬರೀ ಎಂಡ್‌ಲೆಸ್‌ಗೆ ಸೇತುವೆ ಕಟ್ಟುವ ಒಂದು ನಕ್ಷೆ. ಅಗ್ಗಕ್ಕೆ ಸಿಕ್ಕರೆ ನೋಡಿ.

ಎರಡನೇ ಭಾಗ ಬಂದಿದ್ಯಲ್ಲ, ಮೊದಲನೇದು ಬಿಟ್ಟು ಅದೇ ತಗೊಳ್ಳಾ?

ಮೊದಲನೆಯದರಿಂದಲೇ ಶುರುಮಾಡಿ. 2024ರ ಸೆಪ್ಟೆಂಬರ್ 20ರಂದು ಬಂದ ಫ್ರಾಸ್ಟ್‌ಪಂಕ್ 2 ಮೂವತ್ತು ವರ್ಷ ಮುಂದಿನ ಕಥೆ. ಕ್ಯಾಪ್ಟನ್ ಸತ್ತಿದ್ದಾನೆ, ಕಲ್ಲಿದ್ದಲ ಜಾಗಕ್ಕೆ ಎಣ್ಣೆ ಬರುತ್ತಿದೆ, ಕಾಯ್ದೆಗೆ 100 ಪ್ರತಿನಿಧಿಗಳ ಸಭೆಯಲ್ಲಿ ಮತ ಬೇಕು. ಹಾಕಿದ ಕಾಯ್ದೆಯನ್ನು ತೆಗೆಯಲೂಬಹುದು. ಮತ ಬೇಕಾದರೆ ಒಂದು ಬಣಕ್ಕೆ ಮಾತು ಕೊಡುತ್ತೀರಿ, ಆ ಮಾತು ಉಳಿಸಿಕೊಳ್ಳಲು ಇನ್ನೊಂದು ಬಣವನ್ನು ಕೆರಳಿಸುತ್ತೀರಿ. ರಾಜಕೀಯವಾಗಿ ಇದು ಮೊದಲನೆಯದಕ್ಕಿಂತ ಬಹಳ ಪ್ರಬುದ್ಧ.

ಕಳೆದುಕೊಂಡದ್ದೂ ಇದೆ. ಮನೆಮನೆಯಾಗಿ ಕಟ್ಟುವುದು ಹೋಗಿ ವಾರ್ಡ್ ವಾರ್ಡ್ ಆಗಿ ಕಟ್ಟುತ್ತೀರಿ, ಕಾಲ ವಾರಗಳಲ್ಲಿ ಓಡುತ್ತದೆ, ಶಾಖ ಊರಿಗೆಲ್ಲ ಸೇರಿದ ಒಂದು ಮೊತ್ತವಾಗುತ್ತದೆ. ಯಾವ ಡೇರೆಯಲ್ಲಿ ಯಾರು ನಡುಗುತ್ತಿದ್ದಾರೆಂದು ಕಾಣುತ್ತಿದ್ದದ್ದು ಇನ್ನು ಕಾಣದು. ಯಂತ್ರಕ್ಕೆ ಭಾರವೂ ಹೆಚ್ಚು. ಮೊದಲ ಆಟವನ್ನೇ ಹೊಸದಾಗಿ ಕಟ್ಟುವ ಫ್ರಾಸ್ಟ್‌ಪಂಕ್ 1886 ಅನ್ನು 2027ಕ್ಕೆಂದು ಘೋಷಿಸಿದ್ದಾರೆ, ಅದಕ್ಕಾಗಿ ಕಾಯುತ್ತ ಕೂರುವ ಅಗತ್ಯವಿಲ್ಲ.

ಎಕ್ಸ್‌ಟ್ರೀಮ್‌ನಲ್ಲಿ ಒಬ್ಬರೂ ಸಾಯದ ಹಾಗೆ ಗೆಲ್ಲಬಹುದಾ?

ಅತಿ ಕಠಿಣ ಮಟ್ಟವಾದರೂ ಆಗುತ್ತದೆ, ಆದರೆ ಮೊದಲ ವಾರದಲ್ಲೇ ನಿರ್ಧಾರವಾಗಿಬಿಡುತ್ತದೆ. ವೈದ್ಯರ ಜಾಗ ಜನರ ಅಗತ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಇರಲಿ; ಕಾಯಿಲೆಯವರು ಸಾಲಿನಲ್ಲಿ ನಿಂತರೆಂದರೆ ಕೆಲಸ ಕೆಟ್ಟಿತು. ತಾಪಮಾನದ ಮುನ್ಸೂಚನೆ ನೋಡಿ, ಇಳಿಯುವ ಹಿಂದಿನ ದಿನವೇ ಜನರೇಟರ್‌ನ ಮಟ್ಟ ಏರಿಸುವಷ್ಟು ಕಲ್ಲಿದ್ದಲು ಇಟ್ಟುಕೊಳ್ಳಿ. ಜನರೇಟರನ್ನು ಮಿತಿ ಮೀರಿ ಓಡಿಸುವ ಓವರ್‌ಡ್ರೈವ್ ರಾತ್ರಿಯ ಕೆಲವು ಗಂಟೆಗೆ ಮಾತ್ರ, ಒತ್ತಡದ ಮುಳ್ಳು ತುದಿ ಮುಟ್ಟಿದರೆ ಜನರೇಟರ್ ಸಿಡಿಯುತ್ತದೆ, ಆಟ ಅಲ್ಲಿಗೇ ಖತಂ. 24 ಗಂಟೆಯ ಪಾಳಿಯನ್ನು ಮೊದಲ ದಿನ ವರ್ಕ್‌ಶಾಪ್‌ಗೆ ಒಮ್ಮೆ ಬಳಸಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೇರಿದರೆ ಯಾರಾದರೂ ಸಾಯುತ್ತಾರೆ. ಬಿರುಗಾಳಿಯ ಎಚ್ಚರಿಕೆ ಬಂದೊಡನೆ ರಿಸೋರ್ಸ್ ಡಿಪೊಗಳನ್ನು ಕಟ್ಟಿ ಕಲ್ಲಿದ್ದಲು, ಆಹಾರ ತುಂಬಿಸಿ. ಬೇಟೆ ನಿಲ್ಲುತ್ತದೆ, ಹೊರಗಿನ ಸರಕು ನಿಲ್ಲುತ್ತದೆ. ಸ್ಕೌಟ್‌ಗಳನ್ನೂ ಔಟ್‌ಪೋಸ್ಟ್ ತಂಡಗಳನ್ನೂ ಆ ಮೊದಲೇ ವಾಪಸು ಕರೆಸಿ. ಸರ್ವೈವರ್ ಮೋಡ್‌ನಲ್ಲಾದರೆ ಇಷ್ಟನ್ನೂ ಆಟ ನಿಲ್ಲಿಸದೆ ಮಾಡಬೇಕು, ಸೇವ್ ಆಗುವುದು ಹೊರಬರುವಾಗ ಮಾತ್ರ. ಆಫೀಸಿಗೆ ಹೋಗುವ ದಿನದ ಹಿಂದಿನ ರಾತ್ರಿ ಅದನ್ನು ಹಿಡಿಯಬೇಡಿ.